ಪ್ರೋಗ್ರಾಂ ನಿಂತರೂ ಮೋಟಾರ್ ನಿಲ್ಲಬೇಕು: ಪುಟ್ಟ ಲಾಜಿಕ್ ಚಿಪ್‌ಗಳ ಕೆಲಸ

(ದೃಶ್ಯ: ಸೋಮವಾರಪೇಟೆ ಕಡೆಯ ಕಾಫಿ ತೋಟ. ಕೆರೆ ದಂಡೆಯ ಪಂಪ್ ಮನೆ.)

ಮಾರ್ಚ್ ತಿಂಗಳು. ಹೂಮಳೆ ಬರಲಿಲ್ಲ. ದೊಡ್ಡಪ್ಪ ಕೆರೆ ನೀರಿನಿಂದ ಸ್ಪ್ರಿಂಕ್ಲರ್ ಹಾಕಿದ್ದರು. ಪಂಪ್ ನೋಡಿಕೊಳ್ಳಲು ನಾನು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್ ಇಟ್ಟು ಒಂದು ಬೋರ್ಡ್ ಮಾಡಿಕೊಟ್ಟಿದ್ದೆ. ನೀರು ತಳ ಮುಟ್ಟಿದರೆ ಫ್ಲೋಟ್ ಸ್ವಿಚ್ ಹೇಳುತ್ತದೆ, ಬೋರ್ಡ್ ಮೋಟಾರ್ ಆಫ್ ಮಾಡುತ್ತದೆ. ಅಷ್ಟೇ ಕೆಲಸ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪಂಪಿನ ಸೀಲ್ ಸುಟ್ಟಿತ್ತು. "ಏನಪ್ಪಾ, ನೀರು ಖಾಲಿ ಆಗಿದ್ದು ನಿನ್ನ ಕಂಪ್ಯೂಟರ್‌ಗೆ ಗೊತ್ತಾಗಲ್ವಾ?" ಅಂದರು ದೊಡ್ಡಪ್ಪ.

ಗೊತ್ತಾಗಿತ್ತು! ಆದರೆ ಮೊದಲು ಮೆಸೇಜ್ ಕಳಿಸು, ಆಮೇಲೆ ಮೋಟಾರ್ ನಿಲ್ಲಿಸು ಅಂತ ಬರೆದವನು ನಾನೇ. ಟವರ್ ಸಿಗಲಿಲ್ಲ. ಮೋಡೆಮ್ ಉತ್ತರಕ್ಕೆ ಕಾಯುತ್ತಾ ಪ್ರೋಗ್ರಾಂ ಅಲ್ಲೇ ಕೂತಿತ್ತು.

(ದೃಶ್ಯ: ಅಂಗೈ ಮೇಲೆ 14 ಕಾಲಿನ ಚಿಪ್)

ಕೋಡ್ ಸರಿ ಮಾಡಿದೆ, ನಿಜ. ಆದರೂ ಇನ್ನೊಂದು ತಪ್ಪು ಎಲ್ಲೋ ಇದ್ದೇ ಇರುತ್ತದೆ. ಅದಕ್ಕೆ ಈ 74ಎಚ್‌ಸಿಟಿ08. ಒಳಗೆ ನಾಲ್ಕು ಆಂಡ್ ಗೇಟ್, ಅಂದರೆ ಬರುವ ಎರಡೂ ಸಿಗ್ನಲ್ ಆನ್ ಇದ್ದರೆ ಮಾತ್ರ ಆನ್ ಕೊಡುವ ಸರ್ಕ್ಯೂಟ್. ಪ್ರೋಗ್ರಾಂ ಇಲ್ಲವೇ ಇಲ್ಲ. 74 ಸರಣಿ 1960ರ ದಶಕದ್ದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಶುರು ಮಾಡಿದ್ದು. ಹಳೇ ಕಾಲದ್ದು ಅಂತ ಮೂಗು ಮುರಿಯುವವರು ಜಾಸ್ತಿ. ನಾನೂ ಮುರಿದಿದ್ದೆ.

ಒಂದು ಗೇಟ್‌ನ ಒಂದು ಕಾಲಿಗೆ ಇಎಸ್‌ಪಿ32ರ "ಓಡು" ಸಿಗ್ನಲ್, ಇನ್ನೊಂದಕ್ಕೆ ಫ್ಲೋಟ್ ಸ್ವಿಚ್ ಕಡೆಯಿಂದ "ನೀರಿದೆ" ಸಿಗ್ನಲ್. ಎರಡೂ ಇದ್ದರೆ ಮಾತ್ರ ಮೋಟಾರ್ ಆನ್ ಮಾಡುವ ಸ್ವಿಚ್, ಅಂದರೆ ರಿಲೇ, ಎಳೆಯುತ್ತದೆ. ಪ್ರೋಗ್ರಾಂ "ಓಡು" ಅಂತ ಹಟ ಹಿಡಿದು ಕೂತರೂ, ನೀರು ಹೋದ ತಕ್ಷಣ ಗೇಟ್ ಸೊನ್ನೆ, ಅಂದರೆ ಆಫ್, ಕೊಡುತ್ತದೆ. "ಓಡು" ಕಾಲಿನಿಂದ ಗ್ರೌಂಡ್‌ಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ಕರೆಂಟ್ ಹೋಗಿ ಬಂದಾಗ ಇಎಸ್‌ಪಿ32 ಏಳುವವರೆಗೆ ಆ ಕಾಲು ಆನೂ ಅಲ್ಲ, ಆಫೂ ಅಲ್ಲ ಅಂತ ಸುಮ್ನೆ ತೇಲಬಾರದು, ಅಲ್ವಾ?

ಇದೇ ಚಿಪ್ ಎಚ್‌ಸಿ ಅನ್ನೋ ಬಗೆಯಲ್ಲೂ ಸಿಗುತ್ತದೆ. ಅದನ್ನು ಬಿಟ್ಟು ಎಚ್‌ಸಿಟಿ ಯಾಕೆ? ಇಎಸ್‌ಪಿ32 ಕೊಡುವುದು 3.3 ವೋಲ್ಟ್. 5 ವೋಲ್ಟಿನಲ್ಲಿ ಎಚ್‌ಸಿ ಚಿಪ್ ಸಿಗ್ನಲನ್ನು "ಒಂದು", ಅಂದರೆ ಆನ್, ಅಂತ ಒಪ್ಪಲು 3.5 ವೋಲ್ಟ್ ಕೇಳುತ್ತದೆ. ಎಚ್‌ಸಿಟಿಗೆ 2 ಸಾಕು. ಎಚ್‌ಸಿ ಹಾಕಿದರೆ ಮನೆಯ ಮೇಜಿನ ಮೇಲೆ ನಡೆದರೂ ತೋಟದಲ್ಲಿ ಕೈ ಕೊಡಬಹುದು.

(ದೃಶ್ಯ: ಸಿಲ್ವರ್ ಮರಗಳ ನಡುವೆ ಎಳೆದ ವೈರ್)

ಫ್ಲೋಟಿನಿಂದ ಪಂಪ್ ಮನೆಗೆ ಉದ್ದದ ವೈರ್. ಮೋಟಾರ್ ಶುರುವಾದಾಗಲೆಲ್ಲ ಅದರ ಸಿಗ್ನಲ್ ನಡುಗಿ ಗಲಾಟೆ. ಅದಕ್ಕೆ 10 ಕಿಲೋ ಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದ ಫಿಲ್ಟರ್, ಆಮೇಲೆ 74ಎಚ್‌ಸಿ14. ಇದು ಶ್ಮಿಟ್ ಟ್ರಿಗರ್ ಇನ್ವರ್ಟರ್. ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡುವ ಚಿಪ್. ಏರುವಾಗ ಒಂದು ಗಡಿ, ಇಳಿಯುವಾಗ ಇನ್ನೊಂದು. ನಡುವೆ ಸುಮಾರು 1 ವೋಲ್ಟ್ ಅಂತರ ಇರುವುದರಿಂದ ಸಣ್ಣ ನಡುಕಕ್ಕೆ ಇದು ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ವರ್ಟರ್ ಆಗಿದ್ದೂ ಒಳ್ಳೆಯದೇ ಆಯಿತು. ನೀರಿದ್ದಾಗ ಫ್ಲೋಟ್ ಸ್ವಿಚ್ ವೈರನ್ನು ಗ್ರೌಂಡ್‌ಗೆ ಸೇರಿಸುತ್ತದೆ, ಇನ್ವರ್ಟರ್ ಒಂದು ಕೊಡುತ್ತದೆ. ಕೊಂಬೆ ಬಿದ್ದೋ ಆನೆ ತುಳಿದೋ ವೈರ್ ತುಂಡಾದರೆ? ಪುಲ್‌ಅಪ್ ರೆಸಿಸ್ಟರ್ ಸಿಗ್ನಲನ್ನು ಮೇಲಕ್ಕೆ, ಅಂದರೆ ಒಂದಕ್ಕೆ, ಎಳೆಯುತ್ತದೆ, ಇನ್ವರ್ಟರ್ ಸೊನ್ನೆ, ಮೋಟಾರ್ ಆಫ್. ವೈರ್ ಶಾರ್ಟ್ ಆದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

 

(ದೃಶ್ಯ: ಮೇಜು, ರಿಲೇ, ಬಕೆಟ್ ನೀರು)

ಬೇಕಂತಲೇ ಕೆಟ್ಟ ಪ್ರೋಗ್ರಾಂ ಹಾಕಿದ್ದೇನೆ. "ಓಡು" ಪಿನ್ ಆನ್ ಆಗೇ ಇದೆ, ಕೋಡ್ ಲೂಪಿನಲ್ಲಿ ಸಿಕ್ಕಿಕೊಂಡಿದೆ. ಈಗ ಬಕೆಟ್ ಖಾಲಿ ಮಾಡುತ್ತೇನೆ.

(ಶಬ್ದ: ಟಕ್)