ಬಿಚ್ಚಿ ನೋಡುವ ಹಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಪ್ರಿಂಟರ್ ಒಂದು ಮಹಡಿಯಲ್ಲಿ, ಅದನ್ನು ಬಳಸುವವರು ಇನ್ನೊಂದು ಮಹಡಿಯಲ್ಲಿ. ನಡುವೆ ಕಾಗದ ಸಿಕ್ಕಿಕೊಂಡರೆ ಸಾಲಿನಲ್ಲಿದ್ದ ಎಲ್ಲರ ಕೆಲಸವೂ ನಿಂತುಹೋಗುತ್ತಿತ್ತು, ಯಾರಿಗೂ ಸುದ್ದಿ ಮುಟ್ಟುತ್ತಿರಲಿಲ್ಲ. ಹಳೆಯ ಪ್ರಿಂಟರಿನಲ್ಲಿ ಇದಕ್ಕೆ ಮದ್ದು ಸಿಕ್ಕಿತ್ತು. ಅಲ್ಲಿಯ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿದ್ದವರಿಗೆಲ್ಲ ಸಂದೇಶ ಹೋಗುವಂತೆ ಮಾಡಿದ್ದರು. ಯಾರಾದರೊಬ್ಬರು ಎದ್ದು ಹೋಗಿ ಸರಿಪಡಿಸಿ ಬರುತ್ತಿದ್ದರು. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ತಂತ್ರಾಂಶದ ಮೂಲ ಸಂಕೇತವನ್ನೇ, ಅಂದರೆ ಪ್ರೋಗ್ರಾಮರ್ ಓದಿ ತಿದ್ದಬಹುದಾದ ರೂಪವನ್ನೇ, ಕಂಪನಿ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದರ ಪ್ರತಿ ಇದ್ದವರೊಬ್ಬರನ್ನು ಸ್ಟಾಲ್ಮನ್ ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಅವರು ನಿರಾಕರಿಸಿಬಿಟ್ಟರು.

ತೊಂದರೆ ಎದುರಿಗಿದೆ, ಪರಿಹಾರ ಗೊತ್ತಿದೆ, ಮಾಡುವ ಕೈಯೂ ಇದೆ. ಆದರೆ ಮಾಡುವ ಅಧಿಕಾರವಿಲ್ಲ. ತಂತ್ರಜ್ಞಾನವನ್ನು ಪ್ರೀತಿಸುವವರ ಒಂದು ದೊಡ್ಡ ಪಂಗಡ ಕೆಲಸ, ಶಿಕ್ಷಣ, ಸ್ವಾತಂತ್ರ್ಯ ಎಂದಾಗ ಯೋಚಿಸುವುದು ಈ ಗೋಡೆಯ ಬಗ್ಗೆಯೇ. ಅವರ ಜೊತೆ ನಾನೂ ನಿಲ್ಲುತ್ತೇನೆ.

1983ರ ಸೆಪ್ಟೆಂಬರ್ 27ರಂದು ಸ್ಟಾಲ್ಮನ್ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಅಂಥ ಒಂದು ಪೂರ್ತಿ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟುವ ಸಂಕಲ್ಪ ಅದು. ಇಂಥ ತಂತ್ರಾಂಶವನ್ನೇ ಸ್ವತಂತ್ರ ಅಥವಾ ಮುಕ್ತ ತಂತ್ರಾಂಶ ಎನ್ನುತ್ತಾರೆ. 1984ರ ಜನವರಿಯಲ್ಲಿ ಅವರು ನೌಕರಿಯನ್ನೇ ಬಿಟ್ಟರು. ನೌಕರಿಯಲ್ಲಿದ್ದು ಬರೆದದ್ದರ ಮೇಲೆ ಸಂಸ್ಥೆ ಹಕ್ಕು ಸ್ಥಾಪಿಸಬಹುದೆಂಬ ಎಚ್ಚರ ಅವರಿಗಿತ್ತು. ಆಮೇಲೆ ಈಮ್ಯಾಕ್ಸ್ ಎಂಬ ತಮ್ಮ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಮಾರಿದರು. ದುಡಿಮೆಗೆ ಹಣ ಪಡೆಯುವುದಕ್ಕೆ ಅವರ ತಕರಾರಿರಲಿಲ್ಲ. ಕೊಂಡವನ ಕೈ ಕಟ್ಟುವುದಕ್ಕೆ ಇತ್ತು.

ಕೆಲಸದ ವಿಚಾರದಲ್ಲಿ ಈ ಜನರ ನಂಬಿಕೆ ಒಂದೇ: ಇಷ್ಟಪಟ್ಟು ಮಾಡಿದ ಕೆಲಸವೇ ಒಳ್ಳೆಯ ಕೆಲಸ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಶುರುಮಾಡಿದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಇಂದು ಕೋಟ್ಯಂತರ ಆಂಡ್ರಾಯ್ಡ್ ಫೋನುಗಳ ಒಳಗಿದೆ. ಆದರೆ ಈ ನಂಬಿಕೆಯಲ್ಲಿ ಒಂದು ಕುರುಡು ಜಾಗವೂ ಇದೆ. ಬ್ಯಾಂಕು, ಇಮೇಲುಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಅಂತರ್ಜಾಲದ ದೊಡ್ಡ ಪಾಲು ಆತುಕೊಂಡಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ, ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ಆಗ ತಿಳಿಯಿತು. ಲಾಭ ಮಾಡಿಕೊಂಡ ಬಹುತೇಕ ಕಂಪನಿಗಳು ಅಲ್ಲಿಯವರೆಗೆ ಇತ್ತ ತಿರುಗಿಯೂ ನೋಡಿರಲಿಲ್ಲ.

ಕೆಲಸದ ಮೇಲಿನ ಪ್ರೀತಿಯನ್ನು ಹೀಗೆ ಬಿಟ್ಟಿಯಾಗಿ ಬಾಚಿಕೊಳ್ಳುವುದು ಒಂದು ಬಗೆ. ಅದನ್ನೇ ಹಾಜರಿ ಪುಸ್ತಕಕ್ಕೆ ಏರಿಸುವುದು ಇನ್ನೊಂದು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಕೇಳಿಬಂತು, ನೌಕರರ ಸಂಘ ಪ್ರತಿಭಟಿಸಿತು. ರಾತ್ರಿಯೆಲ್ಲ ಎಚ್ಚರವಿದ್ದು ಪ್ರೋಗ್ರಾಂ ಬರೆದವರ ಕತೆಗಳನ್ನು ಇಂಥ ಹೊತ್ತಿನಲ್ಲಿ ಉದಾಹರಿಸುವವರಿದ್ದಾರೆ. ಆ ರಾತ್ರಿ ಅವರ ಸ್ವಂತದ್ದಾಗಿತ್ತು ಎಂಬುದನ್ನು ಮರೆಯಬಾರದು.

ಇನ್ನು ಶಿಕ್ಷಣ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿ. ಪಕ್ಕದ ಕೇರಳ ಐಟಿ@ಸ್ಕೂಲ್ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದತ್ತ ತಿರುಗಿಸಿ ವರ್ಷಗಳೇ ಕಳೆದಿವೆ. ಪರವಾನಗಿಯ ಹಣ ಉಳಿಯಿತು ಎಂಬುದು ಇದರಲ್ಲಿ ಸಣ್ಣ ಲಾಭ. ಶಿಕ್ಷಕರು ತಮ್ಮ ಪಾಠಕ್ಕೆ ಬೇಕಾದ್ದನ್ನು ಸೇರಿಸಬಹುದು, ಮಗು ಅದೇ ವ್ಯವಸ್ಥೆಯನ್ನು ಮನೆಗೊಯ್ದು ಹಾಕಿಕೊಳ್ಳಬಹುದು, ಅದು ಕಳ್ಳತನವಲ್ಲ. ಒಳಗೇನಿದೆ ಎಂದು ಮಗು ಕೇಳಿದರೆ ಮೇಷ್ಟ್ರು ತೆರೆದು ತೋರಿಸಬಹುದು. ಮುಚ್ಚಿದ ತಂತ್ರಾಂಶದ ಮುಂದೆ ಕೂತ ಮೇಷ್ಟ್ರಿಗೆ ಅದು ಕಂಪನಿಯ ಗುಟ್ಟು ಎನ್ನದೆ ವಿಧಿಯಿಲ್ಲ.

ಕನ್ನಡದ ಮಕ್ಕಳಿಗಂತೂ ಇದು ಇನ್ನೂ ಹತ್ತಿರದ ಮಾತು. ಸ್ವತಂತ್ರ ತಂತ್ರಾಂಶವಾದ ಫೈರ್‌ಫಾಕ್ಸ್ ಬ್ರೌಸರ್ ಕನ್ನಡದಲ್ಲಿ ಸಿಗುತ್ತದೆ. ಬರವಣಿಗೆ, ಲೆಕ್ಕಪತ್ರಕ್ಕೆ ಬಳಸುವ ಲಿಬ್ರೆ ಆಫೀಸಿನಲ್ಲೂ ಕನ್ನಡದ ಮೆನುಗಳಿವೆ. ಇಷ್ಟು ಚಿಕ್ಕ ಮಾರುಕಟ್ಟೆ ನಮಗೇಕೆ ಎಂದು ಯಾವ ಕಂಪನಿಯೂ ಅಡ್ಡಬರಲಾಗಲಿಲ್ಲ. ಸ್ವಯಂಸೇವಕರು ಯಾರ ಅಪ್ಪಣೆಗೂ ಕಾಯದೆ ಕೂತು ಅನುವಾದಿಸಿದರು. ಅನುವಾದ ಎಲ್ಲ ಕಡೆಯೂ ಚೆನ್ನಾಗಿಲ್ಲ, ನಿಜ. ಕೆಲವು ಪದಗಳು ನಾಲಿಗೆಗೆ ಒಗ್ಗುವುದಿಲ್ಲ. ಸರಿಯಿಲ್ಲ ಎನಿಸಿದ್ದನ್ನು ತಿದ್ದುವ ದಾರಿ ಮಾತ್ರ ಎಲ್ಲರಿಗೂ ತೆರೆದಿದೆ, ಒಂಬತ್ತನೇ ತರಗತಿಯ ಹುಡುಗಿಗೂ.

ಈ ದಾರಿ ಮುಚ್ಚಿದ್ದರೆ ಏನಾಗುತ್ತದೆ? 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತಾನು ಮಾರಿದ್ದ ಕೆಲವು ಇ-ಪುಸ್ತಕಗಳನ್ನು ಹಕ್ಕುಸ್ವಾಮ್ಯದ ಕಾರಣಕ್ಕೆ ಓದುಗರ ಕಿಂಡಲ್ ಎಂಬ ಇ-ಪುಸ್ತಕ ಸಾಧನಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಹಣವನ್ನೇನೋ ಹಿಂತಿರುಗಿಸಿತು. ಮಿಷಿಗನ್ ರಾಜ್ಯದ ಶಾಲಾ ವಿದ್ಯಾರ್ಥಿಯೊಬ್ಬ ತರಗತಿಯ ಕೆಲಸಕ್ಕೆಂದು ಅಂಥ ಒಂದು ಪುಸ್ತಕದಲ್ಲಿ ಟಿಪ್ಪಣಿಗಳನ್ನು ಬರೆದುಕೊಂಡಿದ್ದ. ಪುಟಗಳೇ ಹೋದ ಮೇಲೆ ಆ ಟಿಪ್ಪಣಿಗಳು ಯಾವುದಕ್ಕೆ ಸಂಬಂಧಿಸಿದ್ದೆಂದೇ ತಿಳಿಯದಂತಾಯಿತು. ಅವನು ನ್ಯಾಯಾಲಯದ ಮೆಟ್ಟಿಲೇರಿದ, ಕಂಪನಿ ರಾಜಿ ಮಾಡಿಕೊಂಡಿತು. ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ಹೊತ್ತೊಯ್ಯಲು ಅಂಗಡಿಯವನು ಬಂದರೆ ನಾವು ಬಾಗಿಲಲ್ಲೇ ತಡೆಯುತ್ತೇವೆ. ಇಲ್ಲಿ ಬಾಗಿಲ ಕೀಲಿಯೇ ಅವನ ಬಳಿಯಿತ್ತು.

ಆದ್ದರಿಂದ ಸರ್ಕಾರಿ ಶಾಲೆಯಲ್ಲಿ ಮಕ್ಕಳಿರುವ ಪೋಷಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಗೆ ಹೋದಾಗ ಕಂಪ್ಯೂಟರ್ ಕೊಠಡಿಯ ಬಾಗಿಲು ತೆಗೆಸಿ ನೋಡಿ. ಅಲ್ಲಿರುವ ಯಂತ್ರಗಳಲ್ಲಿ ಯಾವ ತಂತ್ರಾಂಶವಿದೆ, ಅದನ್ನು ಮಕ್ಕಳು ಮನೆಗೆ ಒಯ್ಯಬಹುದೇ, ಅದರಲ್ಲಿ ಕನ್ನಡವಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಕನ್ನಡವಿಲ್ಲದಿದ್ದರೆ ಸೇರಿಸಿಕೊಡುವವರು ಬೆಂಗಳೂರಿನಲ್ಲೂ ಇದ್ದಾರೆ, ನಿಮ್ಮ ತಾಲ್ಲೂಕಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಇರಬಹುದು. ಅವರನ್ನು ಒಂದು ಶನಿವಾರ ಶಾಲೆಗೆ ಕರೆಸಿ.

ನಮಸ್ಕಾರ.