ಇನ್ನೂ ನಾಲ್ಕು ಆಳು ಬಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನವಳು. ನಮ್ಮ ಕಡೆ ಜ್ವರ ಅಂದರೆ ಎರಡು. ಒಂದು ಮನುಷ್ಯರಿಗೆ ಬರುವುದು, ಇನ್ನೊಂದು ರೇಷ್ಮೆ ಹುಳುವಿಗೆ ಬರುವುದು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನ ಹಾಗೇ ಇದ್ದುಬಿಡುತ್ತದೆ. ‘ಹುಳು ಜ್ವರಕ್ಕೆ ಹೋಗಿವೆ’ ಅನ್ನುತ್ತೇವೆ. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಹೀಗೆ ಜ್ವರಕ್ಕೆ ಹೋಗಿ ಏಳುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಹೋದ ದಿನವೇ ನಮ್ಮ ಮನೆಯವರಿಗೂ ಜ್ವರ ಬಂತು.

ಕೊರೊನಾದ ಎರಡನೇ ಅಲೆ. ಮೊದಲನೆಯದು ಪಟ್ಟಣದ ಕಾಯಿಲೆ ಅಂದುಕೊಂಡಿದ್ದೆವು, ಎರಡನೆಯದು ನೇರವಾಗಿ ಹಳ್ಳಿಗೇ ಬಂತು. ಮೂರನೇ ದಿನ ಊರಿನ ಆಶಾ ಕಾರ್ಯಕರ್ತೆ, ನಾವು ಆಶಾ ಅಕ್ಕ ಅನ್ನುತ್ತೇವೆ, ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದರು. 91 ತೋರಿಸಿತು. 94ಕ್ಕಿಂತ ಕೆಳಗೆ ಇಳಿದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು. ಆಂಬುಲೆನ್ಸ್ ಬಂತು, ಅವರು ಹತ್ತಿ ಹೋದರು. ಮಾರನೆಯ ದಿನ ನನಗೂ ನಮ್ಮ ಅತ್ತೆಗೂ ಪಾಸಿಟಿವ್ ಎಂದು ಬಂತು. ನಮಗೆ ಮೈಕೈ ನೋವು, ಕೆಮ್ಮು, ಅಷ್ಟೇ. ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರಿ ಎಂದರು.

ಬಾಗಿಲು ಹಾಕಿಕೊಂಡರೆ ತೋಟದ ಹುಳು ಮನೆಯ ಗತಿ ಏನು?

ಹುಳು ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಾವು ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, 400ರಿಂದ 500. ಆ ಸಲ ನಾವು ಸಾಕಿದ್ದು 150 ಮೊಟ್ಟೆ. 60 ಸಾವಿರಕ್ಕೂ ಮೀರಿದ ಹುಳು. ಹುಳು ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲಿ. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು, ಹೊರೆ ಹೊತ್ತು, ಹುಳುವಿನ ಹಾಸಿಗೆಯ ಮೇಲೆ ಹರವಬೇಕು. ಒಂದು ದಿನ ತಪ್ಪಿಸಿದರೆ ಹುಳು ಸೊರಗಿ, ಕಟ್ಟುವ ಗೂಡೂ ತೆಳ್ಳಗಾಗುತ್ತದೆ. ಎರಡು ದಿನ ತಪ್ಪಿಸಿದರೆ ಎಲ್ಲವನ್ನೂ ತಿಪ್ಪೆಗೆ ಸುರಿಯಬೇಕು. ಮೊಟ್ಟೆಗೆ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ.

ನಾನು ಯಾರನ್ನೂ ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

2020ರ ಯುಗಾದಿ ಮಾರ್ಚ್ 25ಕ್ಕೆ ಬಿದ್ದಿತ್ತು. ಹಿಂದಿನ ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಲಾಕ್‌ಡೌನ್ ಎಂದರು. ಹೋಳಿಗೆ ಮಾಡಿದೆವು, ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಹಣ್ಣು ಬಳ್ಳಿಯ ಮೇಲೇ ನಿಂತಿತ್ತು, ಕೊಳ್ಳುವವರಿಲ್ಲ. ಹೂವಿನವರು ಗುಲಾಬಿ, ಸೇವಂತಿಗೆಯನ್ನು ತಿಪ್ಪೆಗೆ ಸುರಿದರು. ಗೂಡಿನ ಮಾರುಕಟ್ಟೆಯೂ ಕೆಲವು ದಿನ ಮುಚ್ಚಿತು. ಗೂಡು ಮಾವಿನಕಾಯಿ ಹಾಗಲ್ಲ, ಇಟ್ಟುಕೊಂಡು ಕೂರಲು ಆಗದು. ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ತೂತು ಕೊರೆದು ಹೊರಗೆ ಬಂದರೆ ಮುಗಿಯಿತು.

ಆ ಭಯದಲ್ಲಿ ನಮ್ಮ ಊರಿನವರು ದಾರಿಗೆ ಜಾಲಿ ಮುಳ್ಳು ಎಳೆದು ಹಾಕಿದರು. ಹೊರಗಿನವರು ಬರಬಾರದು. ಹೊರಗಿನವರು ಅಂದರೆ ಯಾರು? ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ನಮ್ಮ ಊರಿನ ಮಕ್ಕಳೇ. ಊರಾಚೆಯ ಕಾಲೋನಿಯ ಒಂದು ಸಂಸಾರ, ಗಂಡ ಹೆಂಡತಿ, ಎರಡು ಮಕ್ಕಳು, ಗಂಟುಮೂಟೆ ಹೊತ್ತು ನಡೆದುಕೊಂಡು ಬಂದು ಆ ಮುಳ್ಳಿನ ಆಚೆ ನಿಂತಿದ್ದರು. ಬಿಡಬೇಡಿ ಎಂದವರಲ್ಲಿ ನಾನೂ ಒಬ್ಬಳು. ಕೊನೆಗೆ ಕೆರೆ ಏರಿಯ ಆಚೆಗಿನ ಮಾವಿನ ತೋಪಿನಲ್ಲಿ ಹದಿನಾಲ್ಕು ದಿನ ಇರಲಿ ಎಂದು ತೀರ್ಮಾನವಾಯಿತು.

ಆ ರಾತ್ರಿ ನಮ್ಮ ಅತ್ತೆ ಮುದ್ದೆ ಕಟ್ಟಿ, ಸಾರಿನ ಪಾತ್ರೆ ಸಮೇತ ನನ್ನ ಕೈಗೆ ಕೊಟ್ಟು ‘ತೋಪಿಗೆ ಇಟ್ಟು ಬಾ’ ಎಂದರು. ನಾನು ಅನುಮಾನ ಮಾಡಿದೆ. ಅವರು ಹೇಳಿದ್ದು ಹೀಗೆ: ‘ನಮ್ಮಜ್ಜಿ ಹೇಳೋರು, ಪ್ಲೇಗು ಬಂದಾಗ ಇಡೀ ಊರೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿತ್ತು ಅಂತ. ಆಗ ಒಲೆ ಉರಿದ ಮನೆಯಿಂದ ಉರಿಯದ ಮನೆಗೆ ಮಡಕೆ ಹೋಗ್ತಿತ್ತು. ಹತ್ತಿರ ಹೋಗಬೇಡ ಅಂದವರು ಕೊಡಬೇಡ ಅಂದಿರಲಿಲ್ಲ.’ ನಮ್ಮ ಹಳೇ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟಿದ್ದು 1898ರಲ್ಲಿ. ಅಷ್ಟು ಹಿಂದಿನ ಮಾತು ಅಜ್ಜಿಯಿಂದ ಮೊಮ್ಮಗಳಿಗೆ, ಮೊಮ್ಮಗಳಿಂದ ಸೊಸೆಗೆ ಬಂದಿತ್ತು. ನಾನು ತೋಪಿನ ಕಲ್ಲಿನ ಮೇಲೆ ಇಟ್ಟು, ದೂರ ನಿಂತು ಕೂಗಿ, ಬಂದೆ. ಹದಿನಾಲ್ಕು ದಿನ ಹೀಗೇ ನಡೆಯಿತು. ನಮ್ಮ ಒಂದೇ ಮನೆಯಲ್ಲ, ಎರಡನೇ ವಾರಕ್ಕೆ ನಾಲ್ಕೈದು ಮನೆಯವರು ಸರದಿ ಹಿಡಿದರು. ಆದರೂ ಮುಳ್ಳು ಹಾಕಿದ ಕೈಯಲ್ಲಿ ನನ್ನ ಕೈಯೂ ಇತ್ತು ಎಂಬುದು ಸುಳ್ಳಾಗುವುದಿಲ್ಲವಲ್ಲ.

ಈಗ 2021ಕ್ಕೆ ವಾಪಸ್ ಬರುತ್ತೇನೆ. ಬಾಗಿಲು ಹಾಕಿಕೊಂಡ ಮೊದಲ ಬೆಳಿಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ. ಅಂಗಳದ ಆಚೆಯಿಂದ ಕೂಗು ಬಂತು, ‘ಅಕ್ಕಾ, ಹುಳು ಮನೆ ಬೀಗದ ಕೈ ಕಿಟಕಿಯಿಂದ ಎಸೀರಿ.’ ನೋಡಿದರೆ ಅದೇ ಸಂಸಾರದ ಹೆಂಗಸು, ಜೊತೆಗೆ ಅವಳ ಅತ್ತಿಗೆ. ಹಿಂದೆ ನಮ್ಮ ಎದುರು ಮನೆಯ ಭಾವ, ಕುಡುಗೋಲು ಹಿಡಿದು ನಿಂತಿದ್ದರು.

ಹುಳು ಮನೆಗೆ ಹೊರಗಿನವರನ್ನು ನಾವು ಎಂದೂ ಬಿಡುವುದಿಲ್ಲ. ಹುಳುವಿಗೆ ಬರುವ ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆರೋಗ, ಗಂಟುರೋಗ ಹೇಗೆ ಹರಡುತ್ತವೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಗಂಟುರೋಗದ ವಿಚಾರ ಒಂದು ಮಾತು ಹೇಳಿಬಿಡುತ್ತೇನೆ. 1865ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ತಮ್ಮ ನಾಡಿನ ರೇಷ್ಮೆ ಬೆಳೆಗಾರರಿಗಾಗಿ ಇದೇ ರೋಗದ ಹಿಂದೆ ಬಿದ್ದು, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿ, ರೋಗ ಇಲ್ಲದ ಚಿಟ್ಟೆಯ ಮೊಟ್ಟೆಯನ್ನೇ ಇಟ್ಟುಕೊಳ್ಳುವ ದಾರಿ ತೋರಿಸಿದರು. ಇವತ್ತಿಗೂ ನಮಗೆ ಮೊಟ್ಟೆ ಬರುವುದು ಆ ಪರೀಕ್ಷೆ ದಾಟಿಯೇ. ಸೋಂಕು ಎಂದರೇನು ಎಂಬುದನ್ನು ದೊಡ್ಡ ವಿಜ್ಞಾನಿಗಳೂ ಹುಳುವಿನಿಂದ ಕಲಿತಿದ್ದಾರೆ, ನಾವೂ ಕಲಿತಿದ್ದೇವೆ. ಮಾಸ್ಕು, ಅಂತರ, ಕೈ ತೊಳೆಯುವುದು ಎಂದಾಗ ನಮ್ಮವರು ನಗಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗುವುದು ನಮಗೆ ದಿನದ ಅಭ್ಯಾಸ.

ಹಾಗಾಗಿ ಅವರಿಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಅವರೂ ಬೇರೆಯವರ ಹುಳು ಮನೆಗಳಲ್ಲಿ ಕೂಲಿ ಮಾಡಿದವರೇ. ಜ್ವರ ಎದ್ದ ಹುಳುವಿಗೆ ರೋಗ ತಡೆಯುವ ಪುಡಿ ಹೊಡೆದು, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಟ್ಟರು. ಆದರೂ ನನ್ನ ಜೀವ ತಡೆಯಲಿಲ್ಲ. ಫೋನ್ ಮಾಡಿ ‘ಹುಳು ತಿಂತಾ ಇದಾವಾ?’ ಎಂದು ಕೇಳಿದೆ. ಆ ಹೆಂಗಸು ಮಾತಾಡಲಿಲ್ಲ. ಫೋನನ್ನು ಹಾಸಿಗೆಯ ಹತ್ತಿರ ಹಿಡಿದಳು. ಮೊದಲು ಏನೂ ಇಲ್ಲ. ಆಮೇಲೆ ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಚರಚರ ಚರಚರ. ಸಾವಿರಾರು ಬಾಯಿ. ಹುಳು ಆರೋಗ್ಯವಾಗಿದ್ದರೆ ಮಾತ್ರ ಆ ಸದ್ದು ಎಡೆಬಿಡದೆ ಬರುತ್ತದೆ. ನಾನು ಮಂಚದ ಮೇಲೆ ಮಲಗಿ, ಕೆಮ್ಮು ತಡೆದುಕೊಂಡು ಕೇಳಿದೆ. ಅತ್ತೆಯ ಕಿವಿಗೂ ಹಿಡಿದೆ. ಆಸ್ಪತ್ರೆಯಲ್ಲಿದ್ದ ನಮ್ಮ ಮನೆಯವರಿಗೂ ಸಂಜೆ ಹಾಗೇ ಕೇಳಿಸಿದರಂತೆ. ಆಕ್ಸಿಜನ್ ಹಾಕಿಕೊಂಡಿದ್ದ ಮನುಷ್ಯ, ಮಾತಾಡಲು ಆಗದೆ, ಅತ್ತರಂತೆ. ಆ ಏಳು ದಿನ ನನಗೆ ನಿದ್ದೆ ಬಂದದ್ದು ಆ ಸದ್ದಿನಿಂದ.

ಹಸುವಿನದು ಬೇರೆ ಕಥೆ. ನಮ್ಮ ಹಸು ನನ್ನ ಕೈ ಬಿಟ್ಟರೆ ಬೇರೆಯವರಿಗೆ ಒದೆಯುತ್ತದೆ. ಎದುರು ಮನೆಯ ಅಕ್ಕ ಹಿತ್ತಲಲ್ಲಿ ಒಣಗಿದ್ದ ನನ್ನ ಹಳೇ ಸೀರೆಯನ್ನು ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಮೈಗೆ ಸುತ್ತಿಕೊಂಡು ಕೂತರು. ಹಸು ಮೂಸಿ ನೋಡಿ ಸುಮ್ಮನಾಯಿತು. ಡೇರಿಯಲ್ಲಿ ಯಾರೋ ‘ಆ ಮನೆ ಹಾಲು ಬೇಡ’ ಎಂದು ತಕರಾರು ತೆಗೆದರಂತೆ. ‘ಕರೆದ ಕೈ ನಂದು, ನನ್ನ ಪರೀಕ್ಷೆ ನೆಗೆಟಿವ್, ಹಸುವಿಗೆ ಕೊರೊನಾ ಇಲ್ಲ, ಅಳೀರಿ’ ಎಂದು ಅಕ್ಕ ಕ್ಯಾನು ಮುಂದಿಟ್ಟರು. ಅಳೆದರು. ನನ್ನ ಪಾಸ್‌ಬುಕ್ಕಿನಲ್ಲಿ ಒಂದು ಹೊತ್ತೂ ಖಾಲಿ ಬೀಳಲಿಲ್ಲ.

ಇದಕ್ಕೆಲ್ಲ ನಮ್ಮಲ್ಲಿ ಒಂದು ಹಳೆಯ ಮಾತಿದೆ. ಮುಯ್ಯಾಳು. ಇವತ್ತು ನಮ್ಮ ರಾಗಿ ಕಳೆಗೆ ನಿಮ್ಮ ಮನೆಯಿಂದ ಮೂರು ಆಳು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಮೂರು ಆಳು. ಕೂಲಿ ಇಲ್ಲ, ಊಟ ಮಾತ್ರ. ಲೆಕ್ಕ ಇದೆ, ಪತ್ರ ಇಲ್ಲ. ಬೋರ್‌ವೆಲ್ಲು, ಟ್ರ್ಯಾಕ್ಟರು, ದಿನಗೂಲಿ ಬಂದ ಮೇಲೆ ಅದು ಸವೆದು ಹೋಗಿತ್ತು. ಕೊರೊನಾ ಬಂದು ಅದನ್ನು ಮತ್ತೆ ಬಾಯಿಗೆ ತಂದಿತು.

ದಿನಸಿ ಕಿಟ್ ಹಂಚಿದವರ ಬಗ್ಗೆ ನನಗೆ ಗೌರವ ಇದೆ. ಕಿಟ್ಟಿನ ಅಕ್ಕಿಯಿಂದ ಎಷ್ಟೋ ಮನೆಯ ಒಲೆ ಉರಿದಿದೆ. 2020ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಕೋಲಾರದಲ್ಲಿ ಅಣ್ಣತಮ್ಮಂದಿರಿಬ್ಬರು ತಮ್ಮ ಜಾಗವನ್ನೇ 25 ಲಕ್ಷ ರೂಪಾಯಿಗೆ ಮಾರಿ, ಆ ದುಡ್ಡಿನಲ್ಲಿ ದಿನಸಿ ಹಂಚಿ, ಅಡುಗೆ ಮಾಡಿಸಿ ಬಡಿಸಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಯಾಕೆ ಮಾಡಿದಿರಿ ಎಂದರೆ ಅವರು ಹೇಳಿದ್ದನ್ನು ಗಮನಿಸಿ: ಚಿಕ್ಕವರಾಗಿದ್ದಾಗ ಯಾವ ಧರ್ಮ ಎಂದು ನೋಡದೆ ಊರಿನ ಜನ ತಮ್ಮನ್ನು ನೋಡಿಕೊಂಡಿದ್ದರು ಎಂದರು. ನನ್ನ ಪ್ರಕಾರ ಅದು ದಾನವಲ್ಲ, ಮುಯ್ಯಿ. ದಾನ ತೆಗೆದುಕೊಂಡವರು ತಲೆ ತಗ್ಗಿಸಿ ಫೋಟೋಕ್ಕೆ ನಿಲ್ಲಬೇಕಾಗುತ್ತದೆ. ಮುಯ್ಯಿ ತೆಗೆದುಕೊಂಡವರು ಸೆಟೆದು ನಿಲ್ಲಬಹುದು, ನಾಳೆ ಅವರ ಸರದಿ ಇದೆಯಲ್ಲ. ಆ ಏಪ್ರಿಲ್‌ನಲ್ಲೇ ನಮ್ಮ ಗೂಡು ಕೊಳ್ಳುವ ಮುಸಲ್ಮಾನ ರೀಲರ್‌ಗಳ ಮೇಲೆ ಊರೂರಿನಲ್ಲಿ ಕೆಟ್ಟ ಮಾತು ಹಬ್ಬಿತ್ತು. ಅವರು ನೂಲು ಬಿಚ್ಚದೆ ನಮ್ಮ ಗೂಡಿಗೆ ಬೆಲೆ ಇಲ್ಲ, ನಮ್ಮ ಗೂಡಿಲ್ಲದೆ ಅವರ ಒಲೆ ಉರಿಯದು. ತಲೆಮಾರುಗಳ ಮುಯ್ಯಿಯನ್ನು ಫೋನಿನಲ್ಲಿ ಬಂದ ಒಂದು ವಿಡಿಯೋ ಮರೆಸಿಬಿಟ್ಟಿತ್ತಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಮುಯ್ಯಾಳನ್ನು ನಾನು ಬರೀ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಹಿರಿಯರ ಮುಯ್ಯಾಳು ಬೀದಿ ದಾಟುತ್ತಿರಲಿಲ್ಲ. ಜಮೀನಿದ್ದವರು ಜಮೀನಿದ್ದವರಿಗೆ, ಜಾತಿಯವರು ಜಾತಿಯವರಿಗೆ. ಕಾಲೋನಿಯವರು ಬಂದರೆ ಅದು ಕೂಲಿ, ಅದೂ ಅರೆಕೂಲಿ. ಜಮೀನೇ ಇಲ್ಲದವರಿಗೆ ಆಳು ತೀರಿಸುವುದಾದರೂ ಎಲ್ಲಿ? ಹಾಗಾಗಿ ಆ ಹೆಂಗಸರು ನಮ್ಮ ಹುಳು ಮನೆಗೆ ಬಂದಾಗ ನಾನು ಕೂಲಿ ಲೆಕ್ಕ ಹಾಕುತ್ತಿದ್ದೆ. ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಹತ್ತು ಜನ ಬೇಕು. ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡಬೇಕು, ತಡ ಮಾಡಿದರೆ ಹಾಸಿಗೆಯಲ್ಲೇ ನೂಲು ಚೆಲ್ಲುತ್ತದೆ. ಎರಡೂ ಬೀದಿಯವರು ಬಂದು, ಮಾಸ್ಕು ಕಟ್ಟಿಕೊಂಡು, ರಾತ್ರಿ ಹನ್ನೊಂದರವರೆಗೆ ಬಿಟ್ಟರು. ಊಟ ಒಂದೇ ಒಲೆಯ ಮೇಲೆ ಆಯಿತು, ಒಂದೇ ಸಾಲಿನಲ್ಲಿ ಕೂತು ತಿಂದರು ಎಂದು ಆಮೇಲೆ ತಿಳಿಯಿತು. ನಮ್ಮ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಗೂಡಿಗೆ ಆ ಸಲ ಒಳ್ಳೆಯ ರೇಟು ಸಿಗಲಿಲ್ಲ. ಟೆಂಪೋ ಹುಡುಗ ಡೀಸೆಲ್ ದುಡ್ಡು ಮಾತ್ರ ತೆಗೆದುಕೊಂಡ. ನಮ್ಮ ಮನೆಯವರು ಹದಿನೆಂಟು ದಿನಕ್ಕೆ ಮನೆಗೆ ಬಂದರು. ನಾಲ್ಕು ಮನೆ ಆಚೆಯ ಯಜಮಾನರು ಬರಲಿಲ್ಲ. ಅವರ ಮಣ್ಣಿಗೆ ಹೋಗಲೂ ನಮಗೆ ಆಗಲಿಲ್ಲ.

ಆಶಾ ಅಕ್ಕಂದಿರ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ರಾಜ್ಯದಲ್ಲಿ ಅವರು ಸುಮಾರು 42 ಸಾವಿರ ಜನ. ಮನೆಮನೆ ಸುತ್ತಿ, ಬೈಗುಳ ತಿಂದು, ಜ್ವರದ ಪಟ್ಟಿ ಬರೆದವರು. ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಎಂದು 2020ರ ಜುಲೈನಲ್ಲಿ ಅವರು ಮುಷ್ಕರ ಮಾಡಬೇಕಾಯಿತು. ನಾವು ಚಪ್ಪಾಳೆ ತಟ್ಟಿದ್ದೆವು. ಚಪ್ಪಾಳೆಯಿಂದ ಮುಯ್ಯಿ ತೀರುವುದಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಸಾಲದ ಪುಸ್ತಕ ಅಲ್ಲ. ಯಾರ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ, ಯಾರ ಹಸು ಯಾರ ಕೈಗೆ ಹಾಲು ಬಿಡುತ್ತದೆ, ರಾತ್ರಿ ಹೊತ್ತು ಕರೆದರೆ ಯಾರ ಗಾಡಿ ಹೊರಡುತ್ತದೆ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ದಿನಕ್ಕೆ ಬೇಕು ಎಂದು ಅದರಲ್ಲಿ ಬರೆದಿದೆ. ಆಕ್ಸಿಮೀಟರ್ ಎರಡು ಕೊಂಡಿದ್ದೇವೆ, ಸೆಲ್ ಬದಲಾಯಿಸುವ ಜವಾಬ್ದಾರಿ ನನ್ನದು. ನಿಮ್ಮ ಊರಿನಲ್ಲೂ ಇಂಥ ಒಂದು ಪುಸ್ತಕ ಮಾಡಿ, ಕಾಯಿಲೆ ಬರುವ ಮುಂಚೆ ಮಾಡಿ. ಎರಡೂ ಬೀದಿಯ ಹೆಸರು ಒಂದೇ ಪುಟದಲ್ಲಿ ಇರಲಿ.

ಆ ಹೆಂಗಸಿಗೆ ನಾನು ಕೂಲಿ ಕೊಡಲು ಹೋದಾಗ ಅವಳು ತೆಗೆದುಕೊಳ್ಳಲಿಲ್ಲ. ‘ಬರೆದಿಡಿ ಅಕ್ಕ, ಹದಿನಾಲ್ಕು ಆಳು’ ಎಂದಳು. ತೋಪಿನ ಹದಿನಾಲ್ಕು ದಿನಕ್ಕೆ ಹೇಳಿದಳೋ, ನಮ್ಮ ಮನೆಗೆ ದುಡಿದ ಲೆಕ್ಕವೋ, ನಾನು ಕೇಳಲಿಲ್ಲ. ಹೋದ ವರ್ಷ ಅವರು ಅರ್ಧ ಎಕರೆ ಗುತ್ತಿಗೆಗೆ ಹಿಡಿದು ಹಿಪ್ಪುನೇರಳೆ ನಾಟಿದ್ದಾರೆ, 50 ಮೊಟ್ಟೆ ಸಾಕುತ್ತಾರೆ. ಹತ್ತು ಆಳು ತೀರಿಸಿದ್ದೇನೆ, ಇನ್ನೂ ನಾಲ್ಕು ಬಾಕಿ ಇದೆ. ಅವರ ಹುಳು ಇವತ್ತು ನಾಲ್ಕನೇ ಜ್ವರ ಎದ್ದಿವೆ. ನಾಳೆ ಕೋಳಿ ಕೂಗುವ ಹೊತ್ತಿಗೆ ಅವರ ತೋಟದಲ್ಲಿ ಸೊಪ್ಪು ಕೊಯ್ಯಬೇಕು, ಕುಡುಗೋಲು ಮಸೆದಿಟ್ಟು ಬಂದಿದ್ದೇನೆ.

ನಮಸ್ಕಾರ.