ಎಕ್ಸಿಲೇಟರಿನ ಮೊದಲ ಕಾಲು ತಿರುವು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ದಾರಿ ಹಿಡಿಯುವುದು ಬಿಟ್ಟು ಇಲ್ಲಿ ಬಂದು ಕೂತಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಬೈಕಿನ ಎಂಜಿನ್ ಟ್ಯೂನಿಂಗ್ ಬಗ್ಗೆ ಮಾತಾಡಿ ಅಂದರು. ಟ್ಯೂನಿಂಗ್ ಅಂದ ಕೂಡಲೇ ನಮ್ಮ ಹುಡುಗರ ತಲೆಗೆ ಬರುವುದು ಪಿಕಪ್, ಟಾಪ್ ಸ್ಪೀಡ್, ಸೈಲೆನ್ಸರ್ ಸದ್ದು. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟಬೇಕಾದವರಿಗೆ ಟಾಪ್ ಸ್ಪೀಡ್ ಕಟ್ಟಿಕೊಂಡು ಏನಾಗಬೇಕು ಹೇಳಿ. ನಮ್ಮ ಊರಿನ ಸವಾರಿಯೆಲ್ಲ ನಡೆಯುವುದು ಬಲಗೈ ಎಕ್ಸಿಲೇಟರಿನ ಮೊದಲ ಕಾಲು ಭಾಗದ ತಿರುವಿನಲ್ಲಿ: ಹಂಪ್ ಇಳಿದು ಮತ್ತೆ ಎಳೆಯುವಾಗ, ಬಿಎಂಟಿಸಿ ಬಸ್ಸಿನ ಹಿಂದೆ ತೆವಳುವಾಗ, ಸಂದಿಯಲ್ಲಿ ಯೂ-ಟರ್ನ್ ಹೊಡೆಯುವಾಗ. ಗಾಡಿ ಜರ್ಕ್ ಹೊಡೆಯುವುದೂ ಸರಿಯಾಗಿ ಅಲ್ಲೇ. ಆದ್ದರಿಂದ ಇವತ್ತಿನ ಮಾತು ಆ ಕಾಲು ತಿರುವಿನದು ಮಾತ್ರ.

ಎಕ್ಸಿಲೇಟರಿನಿಂದ ಕೈ ಬಿಟ್ಟಾಗ ಏನಾಗುತ್ತದೆ ನೋಡೋಣ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಒಳಗೆ ಒಂದು ದುಂಡನೆಯ ತಗಡಿದೆ, ಬಟರ್‌ಫ್ಲೈ ಅಂತೀವಿ. ಅದು ಮುಚ್ಚಿಕೊಂಡಾಗ ಅದರ ಆಚೆ, ಎಂಜಿನ್ ಕಡೆಗೆ, ಗಾಳಿಯ ಒತ್ತಡ ತೀರಾ ಕಡಿಮೆಯಾಗುತ್ತದೆ. ಪಿಸ್ಟನ್ ಎಳೆಯುತ್ತಲೇ ಇರುತ್ತದೆ, ಬರುವ ಗಾಳಿ ಇಲ್ಲ. ಆಗ ಎಂಜಿನ್ ಗಾಡಿಯನ್ನು ತಳ್ಳುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಈ ಸ್ಥಿತಿಯಲ್ಲಿ ತಗಡು ಎರಡು ಮೂರು ಡಿಗ್ರಿ ತೆರೆದರೂ ಒಳಗೆ ನುಗ್ಗುವ ಗಾಳಿ ಒಮ್ಮೆಲೇ ಹಲವು ಪಟ್ಟು ಹೆಚ್ಚುತ್ತದೆ. ಅದೇ ತಗಡು ಅರ್ಧ ತೆರೆದಿರುವಾಗ ಇನ್ನೆರಡು ಡಿಗ್ರಿ ತಿರುಗಿಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಅಂದರೆ ಹಿಡಿಕೆಯಲ್ಲಿ ಅತಿ ಸೂಕ್ಷ್ಮವಾದ ಜಾಗ ಶುರುವಿನದ್ದೇ. ಹಿಂದಕ್ಕೆ ಎಳೆಯುತ್ತಿದ್ದ ಎಂಜಿನ್ ಒಂದು ಕ್ಷಣದಲ್ಲಿ ಮುಂದಕ್ಕೆ ತಳ್ಳಲು ಶುರುಮಾಡುತ್ತದೆ. ಆ ಬದಲಾವಣೆ ಹಿಂದಿನ ಚಕ್ರದವರೆಗೆ ಹೋಗುವ ದಾರಿಯಲ್ಲಿ ಎಷ್ಟು ಸಡಿಲ ಇದೆಯೋ ಅಷ್ಟು ಜೋರಾಗಿ ‘ಟಕ್’ ಅಂತ ಹೊಡೆತ ಬೀಳುತ್ತದೆ. ಗೂಡ್ಸ್ ರೈಲು ಹೊರಡುವಾಗ ಕೊಂಡಿಗಳು ಒಂದಾದ ಮೇಲೊಂದು ಬಿಗಿದು ಸದ್ದು ಮಾಡುತ್ತವಲ್ಲ, ಹಾಗೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ‘ಗಾಡಿ ಜರ್ಕ್ ಹೊಡೀತಿದೆ, ಇಸಿಯು ಮ್ಯಾಪ್ ಮಾಡಿಸ್ಬೇಕಾ ಸಾರ್?’ ಅಂತ ಕೇಳುವವರಲ್ಲಿ ಬಹುಪಾಲು ಜನರ ಗಾಡಿಗೆ ಬೇಕಿರುವುದು ಲ್ಯಾಪ್‌ಟಾಪ್ ಅಲ್ಲ, ಸ್ಪ್ಯಾನರ್. ಇಸಿಯು ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವ ಕಂಪ್ಯೂಟರ್, ಮ್ಯಾಪ್ ಅಂದರೆ ಅದರೊಳಗಿನ ಲೆಕ್ಕದ ಪಟ್ಟಿ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿಗೆ ಹಾಕಿ. ಹಿಂದಿನ ಟೈರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಗಟ್ಟಿಯಾಗಿ ತಡೆಯುವ ತನಕ ಚಕ್ರ ಎಷ್ಟು ದೂರ ಪುಕ್ಕಟೆ ತಿರುಗುತ್ತದೆ ನೋಡಿ. ಅದೇ ನಿಮ್ಮ ಜರ್ಕಿನ ಬಂಡವಾಳ. ಅದರಲ್ಲಿ ಗೇರ್‌ಬಾಕ್ಸಿನ ಪಾಲು ಸ್ವಲ್ಪ ಇರುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಉಳಿದದ್ದು ಚೈನು ಮತ್ತು ಹಬ್ ಒಳಗಿನ ರಬ್ಬರು. ಚೈನ್ ಸಡಿಲ ಎಷ್ಟಿರಬೇಕು ಅನ್ನುವುದು ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿನ ಮೇಲಿನ ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಸಾಮಾನ್ಯ ರಸ್ತೆ ಬೈಕುಗಳಿಗೆ 20ರಿಂದ 30 ಮಿಲಿಮೀಟರಿನ ಆಸುಪಾಸು. ಚಕ್ರ ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನು ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಅಂತಾದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಚೈನು ಮತ್ತು ಅದು ಸುತ್ತುವ ಹಲ್ಲಿನ ಚಕ್ರ, ಸ್ಪ್ರಾಕೆಟ್, ಇವುಗಳ ಸೆಟ್ ಬದಲಿಸಬೇಕು. ಸಡಿಲ ಕಂಡರೆ ಸಿಟ್ಟು ಅಂತ ಚೈನನ್ನು ತಂತಿಯ ಹಾಗೆ ಬಿಗಿಯುವವರೂ ಇದ್ದಾರೆ. ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿ ಗುಂಡಿಗೆ ಇಳಿಸಿದಾಗ ಸ್ವಿಂಗ್ ಆರ್ಮ್ ಏರುತ್ತದೆ, ಚೈನ್ ಇನ್ನೂ ಬಿಗಿಯುತ್ತದೆ, ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತದೆ.

ಹಬ್ ರಬ್ಬರನ್ನು ಜನ ಮರೆತೇಬಿಡುತ್ತಾರೆ. ಹಿಂದಿನ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಹೊಡೆತ ನುಂಗಲು ಕೂತಿರುವ ತುಂಡುಗಳು ಅವು. ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿರುತ್ತವೆ. ಹೊಸ ಸೆಟ್‌ಗೆ ದೊಡ್ಡ ಖರ್ಚೇನಿಲ್ಲ, ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಒರಿಜಿನಲ್ ಕೇಳಿ ತಗೊಳ್ಳಿ. ಹಳೆಯದು ಇನ್ನೂ ಸ್ವಲ್ಪ ಜೀವ ಹಿಡಿದಿದ್ದರೆ ಸೈಕಲ್ ಟ್ಯೂಬ್ ಕತ್ತರಿಸಿ ಸಂದಿಗೆ ತುರುಕುವ ಗ್ಯಾರೇಜ್ ವಿದ್ಯೆಯೂ ಇದೆ, ತಾತ್ಕಾಲಿಕಕ್ಕೆ ಆಗುತ್ತದೆ.

ಈಗ ಬಲಗೈ ಕಡೆ ಬನ್ನಿ. ಹಿಡಿಕೆ ತಿರುಗಿಸಿದರೂ ಕೇಬಲ್ ಎಳೆಯದ ಒಂದು ಖಾಲಿ ಜಾಗ ಇರುತ್ತದೆ, ಫ್ರೀ ಪ್ಲೇ. ಎರಡು ಮೂರು ಮಿಲಿಮೀಟರ್ ಇದ್ದರೆ ಸಾಕು. ಅದು ಆರೇಳಕ್ಕೆ ಹೋಗಿದ್ದರೆ, ಕೈ ಖಾಲಿ ಜಾಗ ದಾಟಿಕೊಂಡು ಹೋಗುವ ರಭಸದಲ್ಲೇ ಬಟರ್‌ಫ್ಲೈಯನ್ನು ಬೇಕಾದ್ದಕ್ಕಿಂತ ಹೆಚ್ಚು ತೆರೆದುಬಿಡುತ್ತದೆ. ಹಾಗಂತ ಸೊನ್ನೆ ಮಾಡಬೇಡಿ. ಅಡ್ಜಸ್ಟ್ ಆದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಲ್ಲಾದರೂ ಆರ್‌ಪಿಎಂ ಏರಿದರೆ ಕೇಬಲ್ ಬಿಗಿಯಾಯಿತು ಎಂದರ್ಥ. ಯೂ-ಟರ್ನ್ ನಡುವೆ ಗಾಡಿ ತಾನೇ ರೇಸ್ ಆಗುವುದು ಯಾರಿಗೂ ಬೇಡ.

ಇಷ್ಟೆಲ್ಲ ಸರಿ ಇದ್ದೂ ಜರ್ಕ್ ಉಳಿದರೆ ಆಗ ಎಂಜಿನ್ ಒಳಗಿನ ಮಾತು. ‘ಕಾರ್ಬೊರೇಟರ್ ಇದ್ದಾಗ ಬೈಕ್ ಬೆಣ್ಣೆ ಹಾಗಿತ್ತು, ಈ ಎಫ್‌ಐ ಬಂದು ಹಾಳಾಯ್ತು’ ಅಂತ ಹಿರಿಯ ಸವಾರರು ಗೊಣಗುವುದನ್ನು ಕೇಳಿರುತ್ತೀರಿ. ಎರಡೂ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನಗಳೇ: ಕಾರ್ಬೊರೇಟರಿನಲ್ಲಿ ಗಾಳಿಯ ಎಳೆತಕ್ಕೆ, ಎಫ್‌ಐ ಅಂದರೆ ಇಂಜೆಕ್ಷನ್‌ನಲ್ಲಿ ಇಸಿಯು ಹೇಳಿದಂತೆ. ಪೂರ್ತಿ ಸುಳ್ಳೇನಲ್ಲ. ವ್ಯಾಕ್ಯೂಮ್ ಮಾದರಿಯ ಕಾರ್ಬೊರೇಟರಿನಲ್ಲಿ ನಮ್ಮ ಕೈ ತೆರೆಯುವುದು ಬಟರ್‌ಫ್ಲೈ ಒಂದನ್ನೇ. ಅದರ ಮುಂದಿರುವ ಸ್ಲೈಡು, ಅಂದರೆ ಗಾಳಿಯ ದಾರಿಗೆ ಅಡ್ಡವಿರುವ ಜಾರುವ ಮುಚ್ಚಳ, ಎಂಜಿನ್ ಎಳೆತಕ್ಕೆ ತಕ್ಕಷ್ಟು ತಾನಾಗಿ ಮೇಲೇರುತ್ತದೆ. ನಾವು ಕೈ ಎಷ್ಟು ಜೋರಾಗಿ ತಿರುಚಿದರೂ ಅದು ತನ್ನ ನಿಧಾನ ಬಿಡುವುದಿಲ್ಲ. ಕೈ ಬಿಟ್ಟಾಗಲೂ ಸ್ಲೋ ಜೆಟ್ ಅನ್ನುವ ಸಣ್ಣ ತೂತಿನಿಂದ ಒಂದಿಷ್ಟು ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಹಾಗಿಲ್ಲ. ಓಡುತ್ತಿರುವಾಗ ಕೈ ಪೂರ್ತಿ ಬಿಟ್ಟರೆ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಮೈಲೇಜಿಗೆ ಒಳ್ಳೆಯದು, ಹೊಗೆಗೂ ಒಳ್ಳೆಯದು. ಮತ್ತೆ ತಿರುಗಿಸಿದಾಗ ಸೊನ್ನೆಯಿಂದ ಶುರುವಾಗಬೇಕು, ಆ ಶುರುವೇ ಒಂದು ತಳ್ಳು. 2020ರ ಏಪ್ರಿಲ್ 1ರಿಂದ ಹೊಗೆಯ ನಿಯಮ ಬಿಎಸ್6 ಬಂತು, ಹೊಸ ಬೈಕುಗಳಲ್ಲಿ ಬಹುಪಾಲಿಗೆ ಇಂಜೆಕ್ಷನ್ ಬಂತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿಯ ಹತ್ತಿರವೇ ಇರಬೇಕು. ಸಣ್ಣ ತೆರಪಿನಲ್ಲಿ ಎಂಜಿನ್ನಿಗೆ ಹಿತವಾಗುವುದು 13ರ ಸುಮಾರು, ಅಂದರೆ ಸ್ವಲ್ಪ ರಿಚ್, ಪೆಟ್ರೋಲ್ ಜಾಸ್ತಿ. ಕಾನೂನಿಗೂ ಎಂಜಿನ್ನಿಗೂ ನಡುವಿನ ಈ ಜಗ್ಗಾಟವನ್ನೇ ನಿಮ್ಮ ಮಣಿಕಟ್ಟು ಅನುಭವಿಸುತ್ತಿರುವುದು.

ಇದಕ್ಕೆ ಕಂಪನಿಗಳೇ ಒಂದು ದಾರಿ ಕಂಡುಕೊಂಡಿವೆ, ರೈಡ್-ಬೈ-ವೈರ್. ಯಮಹಾ ಆರ್6ಗೆ ಅದು 2006ರಲ್ಲೇ ಬಂತು, ನಮ್ಮಲ್ಲಿ ಕೆಟಿಎಂ 390 ಡ್ಯೂಕ್‌ಗೆ 2017ರಲ್ಲಿ. ಕೈಗೂ ಬಟರ್‌ಫ್ಲೈಗೂ ನಡುವೆ ಕೇಬಲ್ ಇಲ್ಲ, ಮೋಟಾರಿದೆ. ಹಿಡಿಕೆಯ ಮೊದಲ ಭಾಗಕ್ಕೆ ತಗಡು ಎಷ್ಟು ನಿಧಾನ ತೆರೆಯಬೇಕು ಅನ್ನುವುದನ್ನು ಪ್ರೋಗ್ರಾಂ ನಿರ್ಧರಿಸುತ್ತದೆ. ರೇನ್ ಮೋಡ್ ಇರುವವರು ಅದನ್ನು ಮಳೆಗೇ ಕಾಯಬೇಕಾಗಿಲ್ಲ, ಒಣ ದಿನದ ಟ್ರಾಫಿಕ್ಕಿಗೂ ಹಾಕಿ ನೋಡಿ.

ಹಳೆ ಗಾಡಿಯವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ಶೇ. 10 ತೆಳು. ಕಾರ್ಬೊರೇಟರಿಗೆ ಇದು ಗೊತ್ತಾಗುವುದಿಲ್ಲ. ಅದು ಪೆಟ್ರೋಲನ್ನೂ ಸ್ವಲ್ಪ ಇಳಿಸುತ್ತದೆ, ಆದರೆ ಗಾಳಿ ಇಳಿದಷ್ಟು ಇಳಿಸುವುದಿಲ್ಲ. ಒಟ್ಟಿನಲ್ಲಿ ಮಿಶ್ರಣ ಶೇ. 5ರಷ್ಟು ರಿಚ್ ಆಗುತ್ತದೆ. ಅದಕ್ಕೇ ಕರಾವಳಿಯ ಗಾಡಿ ಘಾಟಿ ಹತ್ತಿ ಇಲ್ಲಿಗೆ ಬಂದರೆ ಜೆಟ್ ಒಂದು ಸೈಜ್ ಇಳಿಸುವ ರೂಢಿ ಇತ್ತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತುಕೊಂಡು ಬರುತ್ತದೆ, ಅದಕ್ಕೆ ಬೇಕಾದ ಗಾಳಿ ಒಂಬತ್ತು ಪಟ್ಟು ಮಾತ್ರ. ಶೇ. 20 ಬೆರೆಸಿದಾಗ ಆ 14.7 ಅನ್ನುವ ಲೆಕ್ಕ 13.5ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅದೇ ಜೆಟ್‌ನಲ್ಲಿ ಗಾಡಿ ಶೇ. 7-8 ಲೀನ್, ಇಂಧನ ಕಡಿಮೆ. ಊರಿನ ಎತ್ತರ ರಿಚ್ ಮಾಡಿದ್ದನ್ನು ಇಂಧನ ಲೀನ್ ಮಾಡಿ ತೀರಿಸಿತು, ಮೇಲೆ ಸ್ವಲ್ಪ ಲೀನೇ ಉಳಿಯಿತು. ಇದರ ಮೇಲೆ ಹಳೆ ರೂಢಿಯಂತೆ ಜೆಟ್ ಸಣ್ಣದು ಮಾಡಿದರೆ ಗಾಡಿ ಕೆಮ್ಮುತ್ತದೆ, ಬಿಸಿಯಾಗುತ್ತದೆ, ಚೋಕ್ ಎಳೆಯದೆ ಸ್ಟಾರ್ಟ್ ಆಗುವುದಿಲ್ಲ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಈ ಲೆಕ್ಕವನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ.

ಕಾರ್ಬೊರೇಟರಿನ ಮಿಕ್ಸ್ಚರ್ ಸ್ಕ್ರೂ ಮುಟ್ಟುವ ಮೊದಲು ಅದು ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಬಿಚ್ಚಿದರೆ ಲೀನ್. ಎಂಜಿನ್ ಕಡೆಗಿದ್ದರೆ ಇಂಧನದ ಸ್ಕ್ರೂ, ಬಿಚ್ಚಿದರೆ ರಿಚ್. ಇದು ತಿಳಿಯದೆ ‘ಒಂದೂವರೆ ಸುತ್ತು ಬಿಚ್ಚು’ ಅನ್ನುವ ಸಲಹೆ ಕೇಳಿಕೊಂಡು ಉಲ್ಟಾ ಮಾಡುವವರು ಬಹಳ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸಿ, ಐಡ್ಲಿಂಗ್ ಎಲ್ಲಿ ಅತಿ ಹೆಚ್ಚಿಗೆ ಏರುತ್ತದೋ ಅಲ್ಲಿ ನಿಲ್ಲಿಸಿ. ಇ20 ಹಾಕುವವರು ಅಲ್ಲಿಂದ ಒಂದಿಷ್ಟೇ ಇಷ್ಟು ರಿಚ್ ಕಡೆಗೆ. ಆಮೇಲೆ ಐಡಲ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿಕೊಳ್ಳಿ. ಹೀಗೆ ಮಾಡಿದರೂ ಐಡ್ಲಿಂಗ್ ಏರಿಳಿಯುತ್ತಿದ್ದರೆ ಕಾರ್ಬೊರೇಟರಿಗೂ ಎಂಜಿನ್ ಹೆಡ್ಡಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಸ್ಪ್ರೇ ಬಾಟಲಿಯಲ್ಲಿ ಅದರ ಮೇಲೆ ನೀರು ಚಿಮುಕಿಸಿ, ಎಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕ. ಇಂಜೆಕ್ಷನ್ ಗಾಡಿಗೂ ಇದೇ ಪರೀಕ್ಷೆ ನಡೆಯುತ್ತದೆ. ಪ್ಲಗ್, ಟ್ಯಾಪೆಟ್, ಏರ್ ಫಿಲ್ಟರ್ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮ್ಯಾಪಿಂಗ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಡೈನೋ ಅನ್ನುವ ಶಕ್ತಿ ಅಳೆಯುವ ಯಂತ್ರದ ಮೇಲೆ ಕೂರಿಸಿ, ಸಣ್ಣ ತೆರಪುಗಳಲ್ಲೂ ತಾಳ್ಮೆಯಿಂದ ಇಂಧನ ಸರಿಮಾಡುವ ಟ್ಯೂನರ್ ಸಿಕ್ಕರೆ ಗಾಡಿ ನಿಜಕ್ಕೂ ಹದವಾಗುತ್ತದೆ. ಬಹಳಷ್ಟು ಕಡೆ ಮಾಡುವುದು ಫುಲ್ ಥ್ರಾಟಲ್ ಗ್ರಾಫ್ ಮಾತ್ರ, ವಾಟ್ಸ್ಯಾಪ್‌ಗೆ ಹಾಕಲು ಚೆಂದ. ಆಮೇಲೆ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಅಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದಿನ ಸೈಲೆನ್ಸರ್ ಹಾಕಿ, ಅದರಿಂದ ಮಿಶ್ರಣ ಕೆಡಿಸಿಕೊಂಡು, ಅದನ್ನು ಸರಿಮಾಡಲು ಮ್ಯಾಪ್ ಮಾಡಿಸುವುದು ಯಾವ ಬುದ್ಧಿವಂತಿಕೆಯೋ ನನಗೆ ತಿಳಿಯದು.

ಕೊನೆಗೆ ಕೈಯದು. ಸಿಂಗಲ್ ಸಿಲಿಂಡರ್ ಎಂಜಿನ್ 1,500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ಮಾತ್ರ ಸಿಡಿಯುತ್ತದೆ. ನಡುವಿನ ಬಿಡುವಿನಲ್ಲಿ ಚೈನು ಸಡಿಲಾಗಿ ಮತ್ತೆ ಬಿಗಿಯುತ್ತದೆ. ಮೂರನೇ ಗೇರಿನಲ್ಲಿ ಇಪ್ಪತ್ತರ ವೇಗದಲ್ಲಿ ಎಳೆಸಿದರೆ ಯಾವ ಟ್ಯೂನಿಂಗೂ ಉಳಿಸುವುದಿಲ್ಲ, ಒಂದು ಗೇರ್ ಇಳಿಸಿ. ತೋರುಬೆರಳನ್ನೋ ಹೆಬ್ಬೆರಳನ್ನೋ ಸ್ವಿಚ್ ಡಬ್ಬಿಗೆ ತಾಗಿಸಿಟ್ಟುಕೊಂಡರೆ ಗುಂಡಿಗೆ ಇಳಿದಾಗ ಮಣಿಕಟ್ಟು ಅಲುಗಿ ತಾನಾಗಿ ರೇಸ್ ಆಗುವುದು ನಿಲ್ಲುತ್ತದೆ. ಯೂ-ಟರ್ನ್‌ನಲ್ಲಿ ಕೈ ಪೂರ್ತಿ ಬಿಡಬೇಡಿ. ಒಂಚೂರು ತೆರೆದಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ ವೇಗ ಹಿಡಿಯಿರಿ. ಚೈನಿನ ಮೇಲ್ಭಾಗ ಬಿಗಿಯಾಗೇ ಇರುತ್ತದೆ, ಪೆಟ್ರೋಲ್ ಕಟ್ ಆಗುವುದಿಲ್ಲ, ಟಕ್ ಅನ್ನಲು ಕಾರಣವೇ ಉಳಿಯುವುದಿಲ್ಲ. ಖಾಲಿ ಮೈದಾನದಲ್ಲಿ ಒಂದು ಬೆಳಗ್ಗೆ ಅಭ್ಯಾಸ ಮಾಡಿ ನೋಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.